ಹೊರಡುವ ಮುನ್ನ ಆಡುವ ಇಂಗ್ಲಿಷ್: ಓದುಗರ ಪ್ರಶ್ನೆಗಳಿಗೆ ಉತ್ತರ

ಮುಂದೆ ಕೈಗೊಳ್ಳಲಿರುವ ಪ್ರಯಾಣದ ಬಗ್ಗೆ ಇಂಗ್ಲಿಷಿನಲ್ಲಿ ಸಹಜವಾಗಿ ಮಾತನಾಡುವುದು ಹೇಗೆ ಎಂಬ ವಿಚಾರವಾಗಿ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಂಗ್ಲಿಷ್ ವಾಕ್ಯಗಳನ್ನು ಉಚ್ಚಾರಣೆಗೆ ಹತ್ತಿರವಾಗಿ ಕನ್ನಡ ಲಿಪಿಯಲ್ಲೇ ಕೊಡಲಾಗಿದೆ.

ಪ್ರಶ್ನೆ: ಮುಂದಿನ ವಾರ ಕಚೇರಿ ಕೆಲಸದ ಮೇಲೆ ಸಿಂಗಪುರಕ್ಕೆ ಹೋಗಲಿದ್ದೇನೆ. ಟಿಕೆಟ್ಟೂ ಆಗಿದೆ. ಇದನ್ನು ಬೇರೆ ದೇಶದ ಸಹೋದ್ಯೋಗಿಯೊಬ್ಬರಿಗೆ ತಿಳಿಸುವಾಗ ‘ಐ ವಿಲ್ ಗೋ ಟು ಸಿಂಗಪೂರ್ ನೆಕ್ಸ್ಟ್ ವೀಕ್’ ಎಂದೆ. ಅವರು ಅದೇ ಸಂಗತಿಯನ್ನು ಮತ್ತೊಬ್ಬರಿಗೆ ಹೇಳುವಾಗ ‘ಶಿ ಈಸ್ ಗೋಯಿಂಗ್ ಟು ಸಿಂಗಪೂರ್ ನೆಕ್ಸ್ಟ್ ವೀಕ್’ ಎಂದರು. ಇನ್ನೂ ನಡೆಯದ ಪ್ರಯಾಣಕ್ಕೆ ವರ್ತಮಾನ ಕಾಲ ಹೇಗೆ ಒಪ್ಪುತ್ತದೆ? ಭವಿಷ್ಯತ್ತಿಗೆ ‘ವಿಲ್’ ಎಂದು ಶಾಲೆಯಲ್ಲಿ ಕಲಿತದ್ದು ತಪ್ಪೇ?

ಉತ್ತರ: ನಿಮ್ಮ ವಾಕ್ಯದಲ್ಲಿ ವ್ಯಾಕರಣದೋಷವೇನೂ ಇಲ್ಲ. ಆದರೆ ನಿಮ್ಮ ಪ್ರಯಾಣ ಎಷ್ಟು ಖಚಿತವಾಗಿದೆ ಎಂಬುದು ಅದರಿಂದ ಕೇಳುವವರಿಗೆ ತಿಳಿಯುವುದಿಲ್ಲ, ನಿಮ್ಮ ಸಹೋದ್ಯೋಗಿಯ ವಾಕ್ಯದಿಂದ ತಿಳಿಯುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಭೂತಕಾಲದ ರೂಪವಿದ್ದಂತೆ ಭವಿಷ್ಯತ್ತಿನದೇ ಆದ ರೂಪವಿಲ್ಲ; ಮುಂದಾಗುವುದನ್ನು ಹೇಳಲು ಆ ಭಾಷೆ ನಾಲ್ಕೈದು ಬಗೆಯ ರಚನೆಗಳನ್ನು ಬಳಸುತ್ತದೆ, ಅವುಗಳಲ್ಲಿ ‘ವಿಲ್’ ಒಂದು. ಶಾಲೆಯ ಕೋಷ್ಟಕದಲ್ಲಿ ಮೂರು ಕಾಲಗಳಿಗೆ ಮೂರು ಸಾಲು ಹಾಕಿ, ಮೂರನೆಯದರಲ್ಲಿ ‘ವಿಲ್’ ಮತ್ತು ‘ಶಲ್’ ಎಂದು ಬರೆದದ್ದರಿಂದ, ಉಳಿದ ರಚನೆಗಳು ನಮ್ಮ ಕಣ್ಣಿಗೆ ಬೀಳದೇ ಹೋದವು.

ಕನ್ನಡದಲ್ಲೇ ನಾವು ಎಷ್ಟು ಸೂಕ್ಷ್ಮವಾಗಿ ಮಾತನಾಡುತ್ತೇವೆ ನೋಡಿ. ‘ನಾಡಿದ್ದು ಹೋಗುತ್ತಿದ್ದೇನೆ’ ಎಂದರೆ ಟಿಕೆಟ್ಟು, ರಜೆ ಎಲ್ಲವೂ ಆಗಿದೆ ಎಂದು ಕೇಳುವವರು ಊಹಿಸುತ್ತಾರೆ. ‘ಹೋಗಬೇಕೆಂದಿದ್ದೇನೆ’ ಎಂದರೆ ಮನಸ್ಸು ಮಾಡಿಯಾಗಿದೆ, ಏರ್ಪಾಡು ಬಾಕಿ. ‘ಹೋದೇನು’ ಎಂದರೆ ಆಗಬಹುದು, ಆಗದೆಯೂ ಇರಬಹುದು. ‘ಸರಿ, ನಾನೇ ಹೋಗುತ್ತೇನೆ’ ಎಂದರೆ ಆ ನಿರ್ಧಾರ ಆ ಕ್ಷಣದಲ್ಲಿ, ಆ ಮಾತಿನಲ್ಲೇ ಹುಟ್ಟಿತು. ಇಂಗ್ಲಿಷಿನ ರಚನೆಗಳೂ ಬಹುಮಟ್ಟಿಗೆ ಇದೇ ಕೆಲಸ ಮಾಡುತ್ತವೆ, ಮತ್ತು ‘ಹೋಗುತ್ತಿದ್ದೇನೆ’ ಎಂಬುದಕ್ಕೆ ‘ಐ ಆ್ಯಮ್ ಗೋಯಿಂಗ್’ ಎಂಬುದು ಪದಶಃ ಹೊಂದುವುದು ನಮ್ಮ ಅದೃಷ್ಟ. ವಿಚಿತ್ರವೆಂದರೆ ಕನ್ನಡದಲ್ಲಿ ‘ನಾಡಿದ್ದು ಹೋಗುತ್ತಿದ್ದೇನೆ’ ಎಂದು ಸಲೀಸಾಗಿ ಹೇಳುವವರೇ ಇಂಗ್ಲಿಷಿಗೆ ಹೊರಳಿದ ಕೂಡಲೇ ಅದನ್ನು ಬಿಟ್ಟು ‘ವಿಲ್’ಗೆ ಜೋತುಬೀಳುತ್ತಾರೆ.

ದಿನಾಂಕ, ಜಾಗ, ಜೊತೆಗಾರರು ಇವುಗಳಲ್ಲಿ ಏನಾದರೊಂದು ಗೊತ್ತಾಗಿದ್ದು, ಏರ್ಪಾಡು ಆಗಿದ್ದರೆ ‘ಐ ಆ್ಯಮ್ ಫ್ಲೈಯಿಂಗ್ ಟು ಸಿಂಗಪೂರ್ ಆನ್ ಟ್ಯೂಸ್‌ಡೇ’, ‘ವಿ ಆರ್ ಸ್ಟೇಯಿಂಗ್ ವಿತ್ ಫ್ರೆಂಡ್ಸ್’, ‘ಐ ಆ್ಯಮ್ ಮೀಟಿಂಗ್ ದ ಕ್ಲೈಂಟ್ ಆನ್ ವೆಡ್‌ನೆಸ್‌ಡೇ’ ಎನ್ನಿ. ಈ ರಚನೆಯನ್ನು ಬಳಸುವಾಗ ‘ಯಾವಾಗ’ ಎಂಬುದನ್ನು ಸೂಚಿಸುವ ಪದವೊಂದು ವಾಕ್ಯದಲ್ಲೋ ಹಿಂದಿನ ಮಾತಿನಲ್ಲೋ ಇರಬೇಕು. ಇಲ್ಲವಾದರೆ ಈಗಾಗಲೇ ವಿಮಾನದಲ್ಲಿ ಕುಳಿತಿದ್ದೀರಿ ಎಂಬ ಅರ್ಥ ಬಂದೀತು.

‘ವಿಲ್’ ಎಂಬ ಪದದ ಹಳೆಯ ಅರ್ಥ ಬಯಕೆ, ಇಚ್ಛೆ. ಆಸ್ತಿ ಹಂಚಲು ಬರೆಯುವ ‘ಉಯಿಲು’ ಕನ್ನಡಕ್ಕೆ ಬಂದದ್ದು ಅದೇ ಹೆಸರಿನ ಪದದಿಂದಲೇ. ಆ ಇಚ್ಛೆಯ ವಾಸನೆ ಇಂದಿಗೂ ಉಳಿದಿರುವುದರಿಂದ, ಆಗತಾನೆ ಮಾಡಿದ ನಿರ್ಧಾರಕ್ಕೆ, ಕೊಡುವ ಮಾತಿಗೆ, ಮುಂದಾಗಿ ಮಾಡುವ ಸಹಾಯಕ್ಕೆ ‘ವಿಲ್’ ಬಹಳ ಚೆನ್ನಾಗಿ ಒಪ್ಪುತ್ತದೆ. ಅತಿಥಿಯೊಬ್ಬರು ನಿಲ್ದಾಣದಲ್ಲಿ ಕಾಯುತ್ತಿದ್ದಾರೆಂದು ಫೋನ್ ಬಂತು ಎಂದುಕೊಳ್ಳಿ. ಕೋಣೆಯಲ್ಲಿರುವ ಒಬ್ಬರು ಎದ್ದುನಿಂತು ‘ಐಲ್ ಗೋ ಅಂಡ್ ಗೆಟ್ ಹಿಮ್’ ಎನ್ನುತ್ತಾರೆ. ಅದೇ ಕೆಲಸ ಅವರಿಗೆ ಬೆಳಿಗ್ಗೆಯೇ ಒಪ್ಪಿಸಲಾಗಿದ್ದರೆ ಅವರ ಮಾತು ‘ಐ ಆ್ಯಮ್ ಪಿಕಿಂಗ್ ಹಿಮ್ ಅಪ್ ಅಟ್ ಸಿಕ್ಸ್’ ಎಂದಾಗುತ್ತದೆ. ಎರಡೂ ನಡೆಯಬೇಕಾದ ಕೆಲಸವೇ. ಮೊದಲನೆಯದು ಆಗ ಹುಟ್ಟಿದ್ದು, ಎರಡನೆಯದು ಮೊದಲೇ ಗೊತ್ತಾಗಿದ್ದದ್ದು. ಹೀಗಿರುವಾಗ, ವಾರದ ಹಿಂದೆಯೇ ಟಿಕೆಟ್ ತೆಗೆದುಕೊಂಡು ‘ಐ ವಿಲ್ ಗೋ ಟು ಸಿಂಗಪೂರ್’ ಎಂದರೆ, ಸಿಂಗಪುರಕ್ಕೆ ಯಾರು ಹೋಗುತ್ತೀರಿ ಎಂದು ಯಾರೋ ಕೇಳಿದ್ದಕ್ಕೆ ಕೈಯೆತ್ತಿದಂತೆ ಕೇಳಿಸುತ್ತದೆ.

ಮತ್ತೊಂದು ಸಣ್ಣ ಮಾತು. ಆಡುವಾಗ ‘ಐ ಆ್ಯಮ್’ ಎಂಬುದು ‘ಐಮ್’ ಆಗುತ್ತದೆ, ‘ಐ ವಿಲ್’ ಎಂಬುದು ‘ಐಲ್’ ಆಗುತ್ತದೆ. ಪ್ರತಿ ಪದವನ್ನೂ ಬಿಡಿಸಿ, ಒತ್ತಿ ಹೇಳಿದರೆ ಹಟಮಾಡಿ ಹೇಳಿದಂತೆ ತೋರುತ್ತದೆ. ‘ಐ ವಿಲ್ ಗೋ’ ಎಂದು ‘ವಿಲ್’ ಮೇಲೆ ಒತ್ತು ಕೊಟ್ಟರೆ ‘ಯಾರು ಬೇಡವೆಂದರೂ ಹೋಗಿಯೇ ತೀರುತ್ತೇನೆ’ ಎಂಬ ಧ್ವನಿ ಬರುತ್ತದೆ.

ಪ್ರಶ್ನೆ: ಹಾಗಾದರೆ ‘ಗೋಯಿಂಗ್ ಟು’ ಎಂಬುದು ಎಲ್ಲಿ ಬರುತ್ತದೆ? ಮತ್ತು ಪ್ರಯಾಣ ಇನ್ನೂ ಗಟ್ಟಿಯಾಗಿಲ್ಲ ಎಂಬುದನ್ನು ಹೇಳುವುದು ಹೇಗೆ? ‘ಮೇಬಿ ಐ ವಿಲ್ ಗೋ’ ಎಂಬುದನ್ನು ಬಿಟ್ಟರೆ ನನಗೆ ಬೇರೇನೂ ಹೊಳೆಯುವುದಿಲ್ಲ.

ಉತ್ತರ: ‘ಗೋಯಿಂಗ್ ಟು’ ಇರುವುದು ಸಂಕಲ್ಪಕ್ಕೆ. ‘ಐ ಆ್ಯಮ್ ಗೋಯಿಂಗ್ ಟು ಸ್ಪೆಂಡ್ ಎ ವೀಕ್ ಇನ್ ಲಂಡನ್’ ಎಂದವರು ಮನಸ್ಸಿನಲ್ಲಿ ತೀರ್ಮಾನಿಸಿಯಾಗಿದೆ, ಹೋಟೆಲ್ ಕಾದಿರಿಸಿದ್ದಾರೋ ಇಲ್ಲವೋ ಗೊತ್ತಿಲ್ಲ. ಪ್ರಯಾಣದ ಮಾತಿನಲ್ಲಿ ಈ ರಚನೆಗೂ ಹಿಂದೆ ಹೇಳಿದ ‘ಐ ಆ್ಯಮ್ ಫ್ಲೈಯಿಂಗ್’ ಎಂಬ ರಚನೆಗೂ ಇರುವ ಅಂತರ ಬಹಳ ತೆಳುವಾದದ್ದು, ಒಂದರ ಜಾಗದಲ್ಲಿ ಇನ್ನೊಂದು ಬಂದರೂ ಯಾರೂ ಹುಬ್ಬೇರಿಸುವುದಿಲ್ಲ. ‘ಐ ಆ್ಯಮ್ ಗೋಯಿಂಗ್ ಟು ಗೋ ಟು ಲಂಡನ್’ ಎಂಬುದು ವ್ಯಾಕರಣಕ್ಕೆ ಸರಿಯಾದರೂ ‘ಗೋ’ ಎರಡೆರಡು ಬಾರಿ ಬರುವುದರಿಂದ ‘ಐ ಆ್ಯಮ್ ಗೋಯಿಂಗ್ ಟು ಲಂಡನ್’ ಎಂದು ಮೊಟಕುಗೊಳಿಸುವುದೇ ಹೆಚ್ಚು. ಕಣ್ಣೆದುರಿನ ಲಕ್ಷಣ ನೋಡಿ ಮುಂದಾಗುವುದನ್ನು ಹೇಳುವಾಗ ಮಾತ್ರ ‘ಗೋಯಿಂಗ್ ಟು’ ಬಿಟ್ಟರೆ ಬೇರೆ ದಾರಿಯಿಲ್ಲವೆನ್ನಬಹುದು: ದಾರಿಯುದ್ದಕ್ಕೂ ವಾಹನಗಳು ನಿಂತಿವೆ, ಗಡಿಯಾರ ಓಡುತ್ತಿದೆ, ಆಗ ‘ವಿ ಆರ್ ಗೋಯಿಂಗ್ ಟು ಮಿಸ್ ದ ಫ್ಲೈಟ್’. ಅಲ್ಲಿ ‘ವಿ ಆರ್ ಮಿಸ್ಸಿಂಗ್ ದ ಫ್ಲೈಟ್’ ಎಂದರೆ ವಿಮಾನ ತಪ್ಪಿಸಿಕೊಳ್ಳಲು ಏರ್ಪಾಡು ಮಾಡಿಕೊಂಡಂತಾಗುತ್ತದೆ.

ಇನ್ನು ಗಟ್ಟಿಯಾಗದ ಪ್ರಯಾಣ. ಇಂಗ್ಲಿಷ್ ನುಡಿಗಟ್ಟುಗಳು ನಿಜಕ್ಕೂ ಸಮೃದ್ಧವಾಗಿರುವುದು ಇಲ್ಲಿಯೇ, ನಮ್ಮವರು ಕಡಿಮೆ ಬಳಸುವುದೂ ಇಲ್ಲಿಯೇ. ಯೋಚನೆ ಮೊಳೆತಿದೆ ಎನ್ನಲು ‘ಐ ಆ್ಯಮ್ ಥಿಂಕಿಂಗ್ ಆಫ್ ಗೋಯಿಂಗ್ ಟು ಜಪಾನ್ ಇನ್ ದ ಸ್ಪ್ರಿಂಗ್’ ಎನ್ನುತ್ತಾರೆ. ಇದು ‘ಹೋಗೋಣವೇ ಎಂದುಕೊಳ್ಳುತ್ತಿದ್ದೇನೆ’ ಎಂಬಷ್ಟೇ ಹಗುರ. ಆಸೆಯಿದೆ, ಆದರೆ ರಜೆಯೋ ವೀಸಾವೋ ಸಿಗಬೇಕು ಎಂದಿದ್ದರೆ ‘ವಿ ಆರ್ ಹೋಪಿಂಗ್ ಟು ಗೆಟ್ ಅವೇ ಇನ್ ಮೇ’ ಎಂದರೆ ಸಾಕು. ನಮ್ಮ ‘ಹೋದೇನು’ ಎಂಬ ಸಂಭಾವನಾರ್ಥಕ ರೂಪಕ್ಕೆ ಅತ್ಯಂತ ಹತ್ತಿರದ್ದು ‘ಐ ಮೈಟ್ ಗೋ’. ನೀವು ‘ಮೇಬಿ ಐ ವಿಲ್ ಗೋ’ ಎನ್ನುವಲ್ಲೆಲ್ಲ ‘ಐ ಮೈಟ್’ ಎಂಬುದನ್ನು ಇಟ್ಟುನೋಡಿ, ಮಾತು ತಾನಾಗಿ ಹಗುರವಾಗುತ್ತದೆ.

ಇವಲ್ಲದೆ, ಏನೂ ಇತ್ಯರ್ಥವಾಗಿಲ್ಲ ಎನ್ನಲು ‘ಇಟ್ಸ್ ಸ್ಟಿಲ್ ಅಪ್ ಇನ್ ದಿ ಏರ್’ ಎಂಬ ಮಾತಿದೆ. ದಿನಾಂಕ ತಾತ್ಕಾಲಿಕವಾಗಿ ಗುರುತು ಮಾಡಿಕೊಂಡಿದ್ದೇವೆ, ಬದಲಾಗಬಹುದು ಎನ್ನಲು ‘ವಿ ಹ್ಯಾವ್ ಪೆನ್ಸಿಲ್ಡ್ ಇನ್ ದ ಟೆಂತ್’ ಎನ್ನುತ್ತಾರೆ. ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಅಳಿಸಬಹುದು ಎಂಬುದೇ ಅದರ ಹಿಂದಿನ ಕಲ್ಪನೆ. ಅಲ್ಲಿಗೆ ಹೋದ ಮೇಲೆ ಪರಿಸ್ಥಿತಿ ನೋಡಿಕೊಂಡು ನಿರ್ಧರಿಸುತ್ತೇವೆ ಎನ್ನಲು ‘ವಿಲ್ ಪ್ಲೇ ಇಟ್ ಬೈ ಇಯರ್’. ಈ ‘ವಿಲ್’ ಎಂಬುದು ‘ವಿ ವಿಲ್’ ಎಂಬುದರ ಕುಗ್ಗಿದ ರೂಪ, ಅದನ್ನು ‘ವೀಲ್’ ಎಂದು ತುಸು ಎಳೆದು ಹೇಳಬೇಕು. ಈ ಮೂರೂ ಆತ್ಮೀಯರ ನಡುವಿನ, ಇಲ್ಲವೇ ಸಲುಗೆಯಿರುವ ಸಹೋದ್ಯೋಗಿಗಳ ನಡುವಿನ ಮಾತುಗಳು. ವೀಸಾ ಅರ್ಜಿಯ ಜೊತೆಗಿಡುವ ಪತ್ರದಲ್ಲಿ ಇವುಗಳಿಗೆ ಜಾಗವಿಲ್ಲ; ಅಲ್ಲಿ ‘ಐ ಪ್ಲಾನ್ ಟು’ ಅಥವಾ ‘ಐ ಇಂಟೆಂಡ್ ಟು’ ಎಂದೇ ಬರೆಯಿರಿ.

ಪ್ರಶ್ನೆ: ರೈಲು, ವಿಮಾನಗಳ ಸಮಯ ಹೇಳುವಾಗ ‘ದ ಟ್ರೇನ್ ವಿಲ್ ಲೀವ್ ಅಟ್ ಸಿಕ್ಸ್’ ಎನ್ನಬೇಕೋ ‘ಲೀವ್ಸ್’ ಎನ್ನಬೇಕೋ?

ಉತ್ತರ: ‘ಲೀವ್ಸ್’ ಎನ್ನಿ. ವೇಳಾಪಟ್ಟಿಯಲ್ಲಿ ಅಚ್ಚಾಗಿರುವುದಕ್ಕೆ ಸಾದಾ ವರ್ತಮಾನ ಕಾಲ ಸಲ್ಲುತ್ತದೆ: ‘ಅವರ್ ಟ್ರೇನ್ ಲೀವ್ಸ್ ಅಟ್ ಸಿಕ್ಸ್’, ‘ದ ಫ್ಲೈಟ್ ಲ್ಯಾಂಡ್ಸ್ ಅಟ್ ನೈನ್’. ಬಂದು ಸೇರುವುದಕ್ಕೆ ಜನ ದಿನನಿತ್ಯ ಬಳಸುವ ಪದ ‘ಗೆಟ್ ಇನ್’. ನಿಮ್ಮನ್ನು ಎದುರುಗೊಳ್ಳಲು ಬರುವವರು ‘ವಾಟ್ ಟೈಮ್ ಡು ಯೂ ಗೆಟ್ ಇನ್?’ ಎಂದು ಕೇಳಿದರೆ ಅವರು ತಿಳಿಯಬಯಸುವುದು ನಿಮ್ಮ ರೈಲೋ ವಿಮಾನವೋ ಎಷ್ಟು ಗಂಟೆಗೆ ಬಂದು ಸೇರುತ್ತದೆ ಎಂಬುದನ್ನೇ ಹೊರತು ನೀವು ವಾಹನದೊಳಗೆ ಎಷ್ಟು ಹೊತ್ತಿಗೆ ಹತ್ತುತ್ತೀರಿ ಎಂಬುದನ್ನಲ್ಲ. ‘ಐ ಗೆಟ್ ಇನ್ ಅಟ್ ನೈನ್’ ಎಂದು ಉತ್ತರಿಸಿ. ತುಸು ಔಪಚಾರಿಕವಾಗಿ ‘ವಿ ಆರ್ ಡ್ಯೂ ಟು ಅರೈವ್ ಅಟ್ ನೈನ್’ ಎನ್ನಬಹುದು. ‘ಡ್ಯೂ’ ಎಂಬುದರಲ್ಲಿ ಪಟ್ಟಿಯ ಪ್ರಕಾರ ಹೀಗಿದೆ, ತಡವಾದರೆ ನಮ್ಮ ಹೊಣೆಯಲ್ಲ ಎಂಬ ಜಾಣತನವೂ ಅಡಗಿದೆ.

ನಡುವೆ ವಿಮಾನ ಬದಲಿಸುವ ವೇಳೆಯ ಬಗ್ಗೆಯೂ ಇದೇ ಪತ್ರದಲ್ಲಿ ಕೇಳಿದ್ದೀರಿ. ಒಂದೆರಡು ಗಂಟೆಯ ಕಾಯುವಿಕೆ ‘ಲೇಓವರ್’. ಅಂತರರಾಷ್ಟ್ರೀಯ ಪ್ರಯಾಣದ ಟಿಕೆಟ್ ನಿಯಮಗಳಲ್ಲಿ ಸಾಮಾನ್ಯವಾಗಿ 24 ಗಂಟೆಗೂ ಹೆಚ್ಚು ಕಾಲ ತಂಗುವುದನ್ನು ‘ಸ್ಟಾಪ್‌ಓವರ್’ ಎಂದು ಲೆಕ್ಕಹಾಕುತ್ತಾರೆ. ಮಾತಿನಲ್ಲಿ ಈ ಗೆರೆಯನ್ನು ಎಲ್ಲರೂ ಪಾಲಿಸುವುದಿಲ್ಲ, ಬ್ರಿಟಿಷರಲ್ಲಿ ಅನೇಕರು ಎರಡಕ್ಕೂ ‘ಸ್ಟಾಪ್‌ಓವರ್’ ಎಂದೇ ಅನ್ನುತ್ತಾರೆ.

ಪ್ರಶ್ನೆ: ಮಗಳು ಓದಲು ಹೊರದೇಶಕ್ಕೆ ಹೊರಟಿದ್ದಾಳೆ. ಅಲ್ಲಿನ ಮನೆಯೊಡತಿಗೆ ‘ಐ ವಿಲ್ ಕಾಲ್ ಯೂ ವೆನ್ ಐ ವಿಲ್ ರೀಚ್’ ಎಂದು ಸಂದೇಶ ಬರೆದಿದ್ದಳು. ಎಲ್ಲೋ ಏನೋ ಸರಿಯಿಲ್ಲ ಎನಿಸುತ್ತಿದೆ, ಆದರೆ ಏನೆಂದು ನನಗೆ ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ, ಎರಡು ಕಡೆ ತಿದ್ದಬೇಕು. ‘ವೆನ್’, ‘ಒನ್ಸ್’, ‘ಆಸ್ ಸೂನ್ ಆಸ್’, ‘ಬಿಫೋರ್’, ‘ಆಫ್ಟರ್’, ‘ಅನ್‌ಟಿಲ್’ ಮೊದಲಾದವು ಕಾಲವನ್ನು ಸೂಚಿಸುತ್ತ ಉಪವಾಕ್ಯವನ್ನು ಆರಂಭಿಸಿದಾಗ, ಆ ಉಪವಾಕ್ಯದಲ್ಲಿ ‘ವಿಲ್’ ಬರುವುದಿಲ್ಲ. ಕನ್ನಡದಲ್ಲಿಯೂ ನಾವು ‘ತಲುಪಿದ ಮೇಲೆ ಫೋನ್ ಮಾಡುತ್ತೇನೆ’ ಎನ್ನುತ್ತೇವೆಯೇ ಹೊರತು ‘ತಲುಪುವೆನು ಮೇಲೆ’ ಎನ್ನುವುದಿಲ್ಲ. ಭವಿಷ್ಯತ್ತಿನ ಭಾರವನ್ನು ಮುಖ್ಯ ಕ್ರಿಯಾಪದವೊಂದೇ ಹೊರುತ್ತದೆ.

ಎರಡನೆಯದು ‘ರೀಚ್’. ಇದು ಸಕರ್ಮಕ ಕ್ರಿಯಾಪದ, ಅಂದರೆ ಏನನ್ನು ತಲುಪಿದ್ದು ಎಂಬುದನ್ನು ಹೇಳಲೇಬೇಕು: ‘ರೀಚ್ ದ ಹೌಸ್’, ‘ರೀಚ್ ಲಂಡನ್’. ನಮ್ಮಲ್ಲಿ ‘ಐ ಹ್ಯಾವ್ ರೀಚ್ಡ್’ ಎಂದು ಬರಿದಾಗಿ ಬಿಡುವುದು ಎಷ್ಟು ರೂಢಿಯಾಗಿದೆಯೆಂದರೆ, ಅದನ್ನು ತಪ್ಪೆನ್ನಲು ಮನಸ್ಸೇ ಬರುವುದಿಲ್ಲ. ಪರಸ್ಪರ ಭಾರತೀಯರ ನಡುವೆ ಅದರಿಂದ ಯಾವ ತೊಡಕೂ ಇಲ್ಲ. ಹೊರಗಿನವರ ಕಿವಿಗೆ ಮಾತ್ರ ವಾಕ್ಯ ಅರ್ಧಕ್ಕೆ ನಿಂತಂತಾಗುತ್ತದೆ. ಎಲ್ಲ ಕಡೆಗೂ ಒಪ್ಪುವ ಸುಲಭದ ಮಾತು ‘ಗೆಟ್ ದೇರ್’. ನಿಮ್ಮ ಮಗಳ ವಾಕ್ಯ ಹೀಗಿರಲಿ: ‘ಐಲ್ ಕಾಲ್ ಯೂ ವೆನ್ ಐ ಗೆಟ್ ದೇರ್’. ಮನೆಯೊಡತಿ ಆ ಮನೆಯಲ್ಲೇ ಇರುವವರಾದ್ದರಿಂದ ‘ವೆನ್ ಐ ಅರೈವ್’ ಎಂಬುದು ಇನ್ನೂ ಹೊಂದುತ್ತದೆ. ಕ್ಷೇಮವಾಗಿ ಮುಟ್ಟಿದ ಮೇಲೆ ನಿಮಗೆ ಕಳಿಸುವ ಸಂದೇಶಕ್ಕೆ ‘ಗಾಟ್ ಹಿಯರ್ ಸೇಫ್ಲಿ’ ಎಂಬುದೊಂದು ಸಾಕು.

‘ಅರೈವ್’ ಪದದ ಜೊತೆಗೆ ‘ಟು’ ಹಾಕುವುದು ಮತ್ತೊಂದು ಸಾಮಾನ್ಯ ತಪ್ಪು. ನಗರಕ್ಕೋ ದೇಶಕ್ಕೋ ಆದರೆ ‘ಅರೈವ್ ಇನ್’, ನಿಲ್ದಾಣ, ಹೋಟೆಲ್‌ನಂಥ ಜಾಗಕ್ಕೆ ಆದರೆ ‘ಅರೈವ್ ಅಟ್’. ‘ಅಬ್ರಾಡ್’ ಮತ್ತು ‘ಹೋಮ್’ ಪದಗಳ ಹಿಂದೆ ‘ಟು’ ಬೇಡ: ‘ಶಿ ಈಸ್ ಗೋಯಿಂಗ್ ಅಬ್ರಾಡ್’, ‘ಐ ಆ್ಯಮ್ ಗೋಯಿಂಗ್ ಹೋಮ್’. ಹೊರಡುವುದಕ್ಕಾದರೆ ‘ಲೀವ್ ಫಾರ್’: ‘ಶಿ ಈಸ್ ಲೀವಿಂಗ್ ಫಾರ್ ಲಂಡನ್ ಆನ್ ಸಂಡೇ’. ಇಲ್ಲಿ ‘ಫಾರ್’ ಬಿಟ್ಟು ‘ಲೀವಿಂಗ್ ಲಂಡನ್’ ಎಂದರೆ ಅರ್ಥ ನೇರವಾಗಿ ತಿರುಗಿ, ಲಂಡನ್ನಿಗೆ ಹೊರಟವಳು ಲಂಡನ್ನಿನಿಂದ ಹೊರಟಂತಾಗುತ್ತದೆ.

ಪ್ರಶ್ನೆ: ‘ಮೂರು ದಿನ ಬಿಟ್ಟು ಹೊರಡುತ್ತೇನೆ’, ‘ಸೋಮವಾರದ ಹೊತ್ತಿಗೆ ಹಿಂದಿರುಗುತ್ತೇನೆ’ ಎಂಬಂಥ ಕಾಲದ ಲೆಕ್ಕಗಳನ್ನು ಹೇಳುವಾಗ ನಾನು ಎಡವುತ್ತೇನೆ. ‘ಮುಂದಿನ ಶುಕ್ರವಾರ’ ಎಂಬುದಂತೂ ಒಮ್ಮೆ ಗೊಂದಲವನ್ನೇ ತಂದಿತು.

ಉತ್ತರ: ಈ ಕ್ಷಣದಿಂದ ಎಣಿಸುವಾಗ ‘ಇನ್’ ಬಳಸಬೇಕು: ‘ಐ ಆ್ಯಮ್ ಲೀವಿಂಗ್ ಇನ್ ತ್ರೀ ಡೇಸ್’. ‘ನಂತರ’ ಎಂಬ ಅರ್ಥವನ್ನು ನೆನೆದು ‘ಆಫ್ಟರ್ ತ್ರೀ ಡೇಸ್’ ಎನ್ನುವವರೇ ಹೆಚ್ಚು. ಅದು ಬೇರೊಂದು ಘಟನೆಯಿಂದ ಎಣಿಸಲು ಸರಿ: ‘ವಿ ಆರ್ ಸ್ಪೆಂಡಿಂಗ್ ತ್ರೀ ಡೇಸ್ ಇನ್ ಪ್ಯಾರಿಸ್, ಅಂಡ್ ಆಫ್ಟರ್ ದಟ್ ವಿ ಆರ್ ಗೋಯಿಂಗ್ ಟು ರೋಮ್’.

‘ಬೈ ಮಂಡೇ’ ಎಂದರೆ ಸೋಮವಾರದ ಒಳಗೆ, ಸೋಮವಾರವೇ ಆಗಬಹುದು ಅಥವಾ ಅದಕ್ಕೂ ಮೊದಲು. ‘ಅನ್‌ಟಿಲ್ ಮಂಡೇ’ ಎಂದರೆ ಸೋಮವಾರದವರೆಗೂ ಅದೇ ಸ್ಥಿತಿ ಮುಂದುವರಿಯುತ್ತದೆ. ‘ಐಲ್ ಬಿ ಬ್ಯಾಕ್ ಬೈ ಮಂಡೇ’, ‘ಐ ಆ್ಯಮ್ ಅವೇ ಅನ್‌ಟಿಲ್ ಮಂಡೇ’ ಎಂಬ ಎರಡನ್ನು ಬಾಯಿಪಾಠ ಮಾಡಿಕೊಂಡರೆ ಉಳಿದದ್ದು ತಾನಾಗಿ ಬರುತ್ತದೆ. ಆದರೆ ಎರಡನೆಯ ವಾಕ್ಯದಲ್ಲಿ ಒಂದು ಮೋಸವಿದೆ: ಸೋಮವಾರ ನೀವು ಕಚೇರಿಯಲ್ಲಿ ಇರುತ್ತೀರೋ ಇಲ್ಲವೋ ಅದರಿಂದ ಖಚಿತವಾಗುವುದಿಲ್ಲ. ಹೀಗಾಗಿ ಕೆಲಸದ ಪತ್ರಗಳಲ್ಲಿ ‘ಐ ವಿಲ್ ಬಿ ಬ್ಯಾಕ್ ಆನ್ ಮಂಡೇ’ ಎಂದು ಬರೆಯುವುದು ಒಳಿತು. ಇಲ್ಲಿ ‘ಕಮ್ ಬ್ಯಾಕ್’ ಎಂಬುದಕ್ಕಿಂತ ‘ಬಿ ಬ್ಯಾಕ್’ ಸಹಜವಾಗಿ ಕೇಳಿಸುತ್ತದೆ, ಏಕೆಂದರೆ ಎದುರಿಗಿರುವವರಿಗೆ ಬೇಕಾಗಿರುವುದು ನೀವು ಮರಳಿ ಸಿಗುವ ದಿನ.

ಇನ್ನು ‘ನೆಕ್ಸ್ಟ್ ಫ್ರೈಡೇ’. ಮಂಗಳವಾರ ಈ ಮಾತು ಆಡಿದರೆ ಕೆಲವರಿಗೆ ಮೂರು ದಿನದಲ್ಲಿ ಬರುವ ಶುಕ್ರವಾರ, ಬಹಳ ಮಂದಿಗೆ ಅದರ ನಂತರದ್ದು. ಇಂಗ್ಲಿಷ್ ಮನೆಮಾತಿನವರೂ ಇದರ ಬಗ್ಗೆ ಒಮ್ಮತಕ್ಕೆ ಬಂದಿಲ್ಲ, ಹಾಗಾಗಿ ನಿಮಗಾದ ಗೊಂದಲಕ್ಕೆ ನೀವು ಹೊಣೆಯಲ್ಲ. ಹತ್ತಿರದ್ದಕ್ಕೆ ‘ದಿಸ್ ಫ್ರೈಡೇ’, ದೂರದ್ದಕ್ಕೆ ‘ಎ ವೀಕ್ ಆನ್ ಫ್ರೈಡೇ’ ಎಂದರೆ ಸಂದೇಹ ಉಳಿಯುವುದಿಲ್ಲ. ಬ್ರಿಟಿಷರು ಇದನ್ನೇ ‘ಫ್ರೈಡೇ ವೀಕ್’ ಎಂದೂ ಹೇಳುತ್ತಾರೆ. ಟಿಕೆಟ್ಟಿನ ಹಣ ಕೈಬಿಡುವ ಸಂದರ್ಭವಾದರೆ ಇವೆಲ್ಲವನ್ನೂ ಬಿಟ್ಟು ತಾರೀಕನ್ನೇ ಹೇಳಿ.

ಪ್ರಶ್ನೆ: ‘ಔಟ್ ಆಫ್ ಸ್ಟೇಷನ್’, ‘ಹ್ಯಾಪಿ ಜರ್ನಿ’, ‘ಪ್ರಿಪೋನ್’ ಇವೆಲ್ಲ ತಪ್ಪು ಇಂಗ್ಲಿಷ್ ಎಂದು ಸಹೋದ್ಯೋಗಿಯೊಬ್ಬರು ಗೇಲಿ ಮಾಡುತ್ತಾರೆ. ಇವನ್ನು ಬಿಟ್ಟುಬಿಡಬೇಕೇ?

ಉತ್ತರ: ಗೇಲಿಗೆ ಕಾರಣವಿಲ್ಲ. ಇವು ಭಾರತೀಯ ಇಂಗ್ಲಿಷಿನ ಮಾತುಗಳು, ಪ್ರತಿಯೊಂದಕ್ಕೂ ತನ್ನದೇ ಚರಿತ್ರೆಯಿದೆ. ಬ್ರಿಟಿಷರ ಆಳ್ವಿಕೆಯಲ್ಲಿ ಅಧಿಕಾರಿಗಳೂ ಸೈನಿಕರೂ ನೇಮಕಗೊಂಡು ನೆಲೆಸಿದ್ದ ಊರನ್ನು ‘ಸ್ಟೇಷನ್’ ಎನ್ನುತ್ತಿದ್ದರು, ಆ ಊರನ್ನು ಬಿಟ್ಟು ಹೋದವರು ‘ಔಟ್ ಆಫ್ ಸ್ಟೇಷನ್’. ಆಡಳಿತ ಹೋಯಿತು, ಮಾತು ಉಳಿಯಿತು. ‘ಪ್ರಿಪೋನ್’ ಎಂಬುದನ್ನು ದೊಡ್ಡ ಇಂಗ್ಲಿಷ್ ನಿಘಂಟುಗಳೂ ಭಾರತೀಯ ಬಳಕೆಯೆಂದು ದಾಖಲಿಸಿವೆ. ‘ಪೋಸ್ಟ್‌ಪೋನ್’ ಇರುವಾಗ ಅದರ ವಿರುದ್ಧಪದವೊಂದು ಬೇಕೇಬೇಕು ಎಂಬ ತರ್ಕ ನನಗಂತೂ ಬಹಳ ಇಷ್ಟ.

ಬಿಡಬೇಕಾದದ್ದು ಪದಗಳನ್ನಲ್ಲ, ಅವು ಎಲ್ಲೆಡೆ ಅರ್ಥವಾಗುತ್ತವೆಂಬ ನಂಬಿಕೆಯನ್ನು. ಬೇರೆ ದೇಶದವರೊಬ್ಬರಿಗೆ ‘ಹಿ ಈಸ್ ಔಟ್ ಆಫ್ ಸ್ಟೇಷನ್’ ಎಂದರೆ ಅವರ ಮನಸ್ಸಿಗೆ ಬರುವುದು ರೈಲ್ವೆ ನಿಲ್ದಾಣವೋ ಪೊಲೀಸ್ ಠಾಣೆಯೋ ಆದೀತು. ಅವರೊಡನೆ ‘ಹಿ ಈಸ್ ಔಟ್ ಆಫ್ ಟೌನ್’ ಅಥವಾ ಬರಿದೆ ‘ಹಿ ಈಸ್ ಅವೇ’ ಎನ್ನಿ. ‘ಹ್ಯಾಪಿ ಜರ್ನಿ’ ಬದಲಿಗೆ ‘ಹ್ಯಾವ್ ಎ ಗುಡ್ ಟ್ರಿಪ್’, ‘ಸೇಫ್ ಟ್ರಾವೆಲ್ಸ್’, ಬ್ರಿಟಿಷರಾದರೆ ‘ಸೇಫ್ ಜರ್ನಿ’ ಎಂದು ಹಾರೈಸುತ್ತಾರೆ.

ದಿನಾಂಕ ಬದಲಿಸುವ ಮಾತಿನಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಹಿಂದಕ್ಕೆ, ಅಂದರೆ ಮೊದಲಿಗಿಂತ ಬೇಗನೆ ಬರುವಂತೆ ಮಾಡುವುದು ‘ಬ್ರಿಂಗ್ ಫಾರ್ವರ್ಡ್’: ‘ವಿ ಹ್ಯಾವ್ ಬ್ರಾಟ್ ಅವರ್ ಟ್ರಿಪ್ ಫಾರ್ವರ್ಡ್ ಬೈ ಎ ವೀಕ್’ ಎಂದರೆ ಒಂದು ವಾರ ಮೊದಲೇ ಹೊರಡುತ್ತೇವೆ. ಮುಂದಕ್ಕೆ ಹಾಕುವುದು ‘ಪುಶ್ ಬ್ಯಾಕ್’, ‘ಪುಟ್ ಬ್ಯಾಕ್’ ಅಥವಾ ‘ಪುಟ್ ಆಫ್’. ಕನ್ನಡದಲ್ಲಿ ‘ಮುಂದೆ’ ಎಂಬುದು ತಡವಾಗುವ ದಿಕ್ಕು, ಇಂಗ್ಲಿಷಿನಲ್ಲಿ ‘ಫಾರ್ವರ್ಡ್’ ಎಂಬುದು ಬೇಗನೆ ಆಗುವ ದಿಕ್ಕು. ದಿಕ್ಕುಗಳು ಹೀಗೆ ಅದಲುಬದಲಾಗಿರುವುದರಿಂದಲೇ ನಮ್ಮವರು ‘ಫಾರ್ವರ್ಡ್’ ಎಂದು ಕೇಳಿ ಪ್ರಯಾಣ ಮುಂದಕ್ಕೆ ಹೋಯಿತೆಂದು ನಿಶ್ಚಿಂತರಾಗಿ ಕುಳಿತುಬಿಡುವುದುಂಟು. ‘ಮೂವ್ಡ್ ಫಾರ್ವರ್ಡ್’ ಎಂದಾಗಲಂತೂ ಇಂಗ್ಲಿಷ್ ಮನೆಮಾತಿನವರೇ ಎರಡು ಪಂಗಡವಾಗುತ್ತಾರೆ. ಹಾಗೆ ನೋಡಿದರೆ ಇವೆಲ್ಲಕ್ಕಿಂತ ಸಂದೇಹಕ್ಕೆಡೆಯಿಲ್ಲದ ಪದ ನಿಮ್ಮ ಸಹೋದ್ಯೋಗಿ ನಗುವ ‘ಪ್ರಿಪೋನ್’.

ಪ್ರಶ್ನೆ: ಮನೆಯಿಂದ ಹೊರಡುವಾಗ ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಐ ವಿಲ್ ಗೋ ಅಂಡ್ ಕಮ್’ ಎಂದರೆ ಜನ ನಗುತ್ತಾರೆ. ಏನೆನ್ನಬೇಕು?

ಉತ್ತರ: ‘ಐಮ್ ಆಫ್’ ಎನ್ನಿ, ಬೇಕಿದ್ದರೆ ‘ಸೀ ಯೂ ಆನ್ ಸಂಡೇ’ ಎಂದು ಸೇರಿಸಿ. ಈ ‘ಆಫ್’ ಎಂಬುದು ಪ್ರಯಾಣದ ಮಾತಿನಲ್ಲಿ ಬಹಳ ಉಪಯೋಗಕ್ಕೆ ಬರುವ ಪುಟ್ಟ ಪದ: ‘ವಿ ಆರ್ ಆಫ್ ಟು ರೋಮ್ ಟುಮಾರೋ’ ಎಂದರೆ ಹೊರಡುವ ಸಡಗರವೂ ಆ ಮಾತಿನಲ್ಲೇ ಇಳಿಯುತ್ತದೆ. ‘ವೇರ್ ಆರ್ ಯೂ ಆಫ್ ಟು?’ ಎಂದು ಸ್ನೇಹದಿಂದ ಕೇಳಬಹುದು. ಬಾಗಿಲ ಹೊರಗೆ ಕಾಯುತ್ತಿರುವವರಿಗೆ ಒಳಗಿನಿಂದ ‘ಬಂದೆ, ಬಂದೆ’ ಎಂದು ನಾವು ಭೂತಕಾಲದಲ್ಲಿ ಕೂಗುವ ಕಡೆ ಇಂಗ್ಲಿಷಿನವರು ‘ಕಮಿಂಗ್!’ ಎನ್ನುತ್ತಾರೆ.

ಪ್ರಶ್ನೆ: ‘ಟ್ರಾವೆಲ್’, ‘ಟ್ರಿಪ್’, ‘ಜರ್ನಿ’, ‘ಟೂರ್’ ಇವುಗಳ ವ್ಯತ್ಯಾಸವೇನು?

ಉತ್ತರ: ‘ಟ್ರಾವೆಲ್’ ಸಾಮಾನ್ಯವಾಗಿ ಎಣಿಸಲಾಗದ ನಾಮಪದ, ಆದ್ದರಿಂದ ‘ಎ ಟ್ರಾವೆಲ್’ ಎನ್ನುವಂತಿಲ್ಲ. ಹೋಗಿ, ಇದ್ದು, ಮರಳಿ ಬರುವುದೆಲ್ಲ ಸೇರಿ ‘ಟ್ರಿಪ್’. ಒಂದು ಜಾಗದಿಂದ ಇನ್ನೊಂದಕ್ಕೆ ಸಾಗುವ ದಾರಿಯಷ್ಟೇ ‘ಜರ್ನಿ’. ಹಲವು ಜಾಗಗಳನ್ನು ಸುತ್ತಿ ನೋಡುವುದು ‘ಟೂರ್’. ಕೆಲಸದ ಮೇಲೆ ಹೊರಟವರು ‘ಐ ಆ್ಯಮ್ ಆನ್ ಟೂರ್’ ಎಂದರೆ ಹೊರಗಿನವರು ಅವರನ್ನು ಸಂಗೀತಗಾರರೋ ಆಟಗಾರರೋ ಎಂದುಕೊಂಡಾರು, ಅಲ್ಲಿ ‘ಆನ್ ಎ ಬಿಸಿನೆಸ್ ಟ್ರಿಪ್’ ಎನ್ನಬೇಕು.

ಪ್ರಶ್ನೆ: ಹಿರಿಯ ಅಧಿಕಾರಿಯೊಬ್ಬರು ನಮ್ಮ ಕಚೇರಿಗೆ ಬರಲಿದ್ದಾರೆ. ಅವರ ಪ್ರಯಾಣದ ವಿವರಗಳನ್ನು ಮರ್ಯಾದೆಯಿಂದ ಕೇಳಬೇಕಾಗಿದೆ. ‘ವೆನ್ ವಿಲ್ ಯೂ ಕಮ್?’ ಎಂದು ಬರೆದರೆ ಒರಟಾಗುವುದೇ? ನಾನು ರಜೆಯಲ್ಲಿ ಹೋಗುವ ಮುನ್ನ ಇಡಬೇಕಾದ ಇಮೇಲ್ ಸಂದೇಶದ ಬಗ್ಗೆಯೂ ತಿಳಿಸಿ.

ಉತ್ತರ: ಒರಟೆನ್ನಲಾಗದು, ಆದರೆ ತುಸು ಬಿಗಿ. ಕನ್ನಡದಲ್ಲಿ ‘ನೀವು’, ‘ತಾವು’ ಎಂಬ ಸರ್ವನಾಮಗಳು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಕ್ರಿಯಾರಚನೆ ಮಾಡಬೇಕಾಗುತ್ತದೆ, ಏಕೆಂದರೆ ಅಲ್ಲಿ ಎಲ್ಲರಿಗೂ ‘ಯೂ’ ಒಂದೇ. ಇದಕ್ಕೆ ಒದಗಿಬರುವುದು ‘ವಿಲ್ ಬಿ’ ಜೊತೆಗೆ ‘ಇಂಗ್’ ಸೇರುವ ರಚನೆ. ‘ವಿಲ್ ಯೂ ಸ್ಟೇ ಫಾರ್ ಡಿನ್ನರ್?’ ಎಂಬುದು ಕೋರಿಕೆಯಂತೆಯೂ ಒತ್ತಾಯದಂತೆಯೂ ಕೇಳಿಸಬಹುದು. ‘ವಿಲ್ ಯೂ ಬಿ ಸ್ಟೇಯಿಂಗ್ ಫಾರ್ ಡಿನ್ನರ್?’ ಎಂದಾಗ ಅವರು ಈಗಾಗಲೇ ಮಾಡಿಕೊಂಡಿರುವ ಏರ್ಪಾಡು ಏನೆಂದು ತಿಳಿಯಲಷ್ಟೇ ಕೇಳಿದಂತಾಗುತ್ತದೆ, ಅವರ ನಿರ್ಧಾರದ ಮೇಲೆ ನಮ್ಮ ಕೈ ಇಟ್ಟಂತಾಗುವುದಿಲ್ಲ. ಹೋಟೆಲಿನ ಸ್ವಾಗತಕಾರರು ‘ಹೌ ಲಾಂಗ್ ವಿಲ್ ಯೂ ಬಿ ಸ್ಟೇಯಿಂಗ್ ವಿತ್ ಅಸ್?’ ಎಂದು ಕೇಳುವುದು ಇದೇ ಕಾರಣಕ್ಕೆ. ಆದ್ದರಿಂದ ‘ವೆನ್ ವಿಲ್ ಯೂ ಬಿ ಅರೈವಿಂಗ್?’, ‘ವಿಲ್ ಯೂ ಬಿ ಟ್ರಾವೆಲಿಂಗ್ ಅಲೋನ್?’ ಎಂದು ಬರೆಯಿರಿ. ಇನ್ನೂ ಮೆತ್ತಗಾಗಬೇಕೆಂದರೆ ‘ಕುಡ್ ಯೂ ಲೆಟ್ ಅಸ್ ನೋ ವೆನ್ ಯೂ ವಿಲ್ ಬಿ ಅರೈವಿಂಗ್?’ ಎನ್ನಬಹುದು. ಇಲ್ಲಿ ‘ವೆನ್’ ಆದ ಮೇಲೆ ‘ವಿಲ್’ ಬಂದಿರುವುದನ್ನು ನೋಡಿ ಹಿಂದಿನ ಉತ್ತರವನ್ನು ನೆನೆದು ಗಾಬರಿಯಾಗಬೇಡಿ. ಈ ‘ವೆನ್’ ಎಂಬುದು ‘ಆದಾಗ’ ಎನ್ನುತ್ತಿಲ್ಲ, ‘ಯಾವಾಗ’ ಎಂದು ಕೇಳುತ್ತಿದೆ, ಹಾಗೆ ಕೇಳುವಾಗ ‘ವಿಲ್’ ಸಲ್ಲುತ್ತದೆ.

ಕೊನೆಯಲ್ಲಿ ಬರೆಯುವ ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯೂ’ ಎಂಬುದನ್ನು ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯೂ’ ಎಂದು ತಿದ್ದಿಕೊಳ್ಳಿ. ಹಿರಿಯರಿಗಾದರೆ ‘ವಿ ಲುಕ್ ಫಾರ್ವರ್ಡ್ ಟು ವೆಲ್ಕಮಿಂಗ್ ಯೂ’ ಎಂಬುದು ಹೆಚ್ಚು ಗಂಭೀರ.

ರಜೆಯ ಸಂದೇಶದಲ್ಲಿ ‘ವಿಲ್ ಬಿ’ ಎಂಬುದೇ ಸರಿಯಾದ ರೂಪ: ‘ಐ ವಿಲ್ ಬಿ ಔಟ್ ಆಫ್ ದಿ ಆಫೀಸ್ ಫ್ರಮ್ 5 ಟು 12 ಮೇ, ವಿತ್ ಲಿಮಿಟೆಡ್ ಆ್ಯಕ್ಸೆಸ್ ಟು ಇಮೇಲ್’. ಎಲ್ಲಿಗೆ ಹೋಗುತ್ತೀರಿ, ಯಾರೊಡನೆ, ಏಕೆ ಎಂಬ ವಿವರ ಅಲ್ಲಿ ಅನಗತ್ಯ. ಓದುವವರಿಗೆ ಬೇಕಾದದ್ದು ನೀವು ಮರಳುವ ದಿನ ಮತ್ತು ಅಲ್ಲಿಯವರೆಗೆ ಯಾರನ್ನು ಸಂಪರ್ಕಿಸಬೇಕು ಎಂಬುದು. ನೀವು ಆಗಲೇ ಹೊರಟುಹೋದ ಮೇಲೆ ಈ ಸಂದೇಶವನ್ನು ಜನ ಓದುವುದರಿಂದ, ‘ಐ ಆ್ಯಮ್ ಔಟ್ ಆಫ್ ದಿ ಆಫೀಸ್ ಅನ್‌ಟಿಲ್ 12 ಮೇ’ ಎಂದು ವರ್ತಮಾನದಲ್ಲಿ ಬರೆಯುವವರೂ ಇದ್ದಾರೆ, ಅದೂ ಸರಿಯೇ. ಹಾಗೆ ಬರೆದಾಗ 12ರಂದು ನೀವು ಸಿಗುವಿರೋ ಇಲ್ಲವೋ ಎಂಬ ಹಳೆಯ ಸಂದೇಹ ಮತ್ತೆ ತಲೆಯೆತ್ತುತ್ತದೆ, ಹಾಗಾಗಿ ಅದರ ಕೆಳಗೆ ‘ಐ ವಿಲ್ ಬಿ ಬ್ಯಾಕ್ ಆನ್ 13 ಮೇ’ ಎಂಬ ಸಾಲನ್ನೂ ಸೇರಿಸಿ.